ಆರ್ಕ್ಟಿಕ್ ಸಮುದ್ರಮಟ್ಟನ ಸ್ಯಾಟಲೈಟ್ ಡೇಟಾದಿಂದ ಅಳೆಯೋದು ಹೇಗೆ

ಮೊದ್ಲು ಸ್ಯಾಟಲೈಟ್ ಸರಿಯಾಗಿ ಆರಿಸ್ಕೊಳ್ಳಿ. ಸಮುದ್ರದ ಎತ್ತರ ಅಳೆಯೋ ಜೇಸನ್ ಸರಣಿಯ ಸ್ಯಾಟಲೈಟುಗಳು 66 ಡಿಗ್ರಿ ಅಕ್ಷಾಂಶ ದಾಟಲ್ಲ, ಅಂದ್ರೆ ಆರ್ಕ್ಟಿಕ್ ಬಹುಪಾಲು ಅವಕ್ಕೆ ಸಿಗೋದೇ ಇಲ್ಲ. ನಮ್ಮ ಇಸ್ರೋ ಫ್ರಾನ್ಸ್ ಜೊತೆ ಸೇರಿ 2013ರಲ್ಲಿ ಶ್ರೀಹರಿಕೋಟಾದಿಂದ ಹಾರಿಸಿದ ಸರಲ್ 81.5 ಡಿಗ್ರಿವರೆಗೂ ಹೋಗ್ತಿತ್ತು. ಆದ್ರೆ ಹೊಸಬರು ಯುರೋಪಿನ ಕ್ರಯೋಸ್ಯಾಟ್-2 ಇಂದಾನೇ ಶುರು ಮಾಡಿ, 2010ರಲ್ಲಿ ಹಾರಿದ್ದು, 88 ಡಿಗ್ರಿವರೆಗೂ ತಲುಪುತ್ತೆ, ರಾಡಾರ್ ಆದ್ರಿಂದ ಮೋಡ, ತಿಂಗಳುಗಟ್ಟಲೆ ಕತ್ತಲೆ ಯಾವುದೂ ಅಡ್ಡಿಯಿಲ್ಲ, ಡೇಟಾನೂ ಫ್ರೀ.

ಲೆಕ್ಕ ಕೇಳಿದ್ರೆ ಸುಲಭ: ಸ್ಯಾಟಲೈಟ್ ಇರೋ ಎತ್ತರದಲ್ಲಿ ರಾಡಾರ್ ಅಳೆದ ದೂರ ಕಳೀಬೇಕು. ಕಷ್ಟ ಏನಪ್ಪಾ ಅಂದ್ರೆ ಮೊದ್ಲು ನೀರು ಎಲ್ಲಿದೆ ಅಂತ ಹುಡುಕ್ಬೇಕು. ಮಂಜುಗಡ್ಡೆ ಬಿರುಕು ಬಿಟ್ಟು ನೀರು ಕಾಣೋ ಜಾಗಕ್ಕೆ ಲೀಡ್ ಅಂತಾರೆ, ನಿಮ್ಮ ಇಡೀ ಕೆಲಸ ನಿಂತಿರೋದು ಅದರ ಮೇಲೆ. ಡೇಟಾ ಫೈಲಲ್ಲಿ ಇದು ಲೀಡ್ ಅಂತ ಹಾಕಿರೋ ಗುರುತು (ಫ್ಲ್ಯಾಗ್) ನಂಬಿ ಮುಂದೆ ಹೋಗ್ಬೇಡಿ, ಒಂದಷ್ಟು ಎಕೋಗಳನ್ನ, ಅಂದ್ರೆ ತಾಗಿ ವಾಪಸ್ ಬಂದ ರಾಡಾರ್ ಸಿಗ್ನಲ್ಲುಗಳನ್ನ, ಪ್ಲಾಟ್ ಮಾಡಿ ಕಣ್ಣಾರೆ ನೋಡಿ. ಲೀಡ್ ನೀರು ಅಲುಗಾಡದೆ ಕನ್ನಡಿ ಥರ ಇರುತ್ತೆ, ಅದಕ್ಕೆ ಎಕೋ ಸೂಜಿಮೊನೆ ಹಾಗೆ ಒಂದೇ ಏಟಿಗೆ ಏರಿ ಇಳಿಯುತ್ತೆ, ಮಂಜುಗಡ್ಡೆದಾದ್ರೆ ಅಗಲ, ಹಿಂದೆ ಬಾಲ. ನೇರ ಕೆಳಗಿಲ್ಲದ, ಪಕ್ಕದಲ್ಲಿರೋ ಲೀಡೂ ಜೋರಾಗಿ ಹೊಳೆಯುತ್ತೆ, ಆ ಸಿಗ್ನಲ್ ಓರೆಯಾಗಿ ಬರೋದ್ರಿಂದ ದೂರ ಜಾಸ್ತಿ ಬಂದು ಸಮುದ್ರ ತಗ್ಗಿದ ಹಾಗೆ ತೋರ್ಸುತ್ತೆ, ಅಂಥವನ್ನ ಕಿತ್ತುಹಾಕಿ. ಬೇಸಿಗೆಯಲ್ಲಂತೂ ಗಡ್ಡೆ ಮೇಲೇ ಕರಗಿ ನಿಂತ ನೀರು ಥೇಟ್ ಲೀಡ್ ಥರಾನೇ ಕಾಣುತ್ತೆ, ಹಾಗಾಗಿ ಮೊದಲ ಪ್ರಯತ್ನಕ್ಕೆ ಚಳಿಗಾಲದ ತಿಂಗಳುಗಳೇ ಸಾಕು.

ಆಮೇಲೆ ತಿದ್ದುಪಡಿ. ಉಬ್ಬರವಿಳಿತ, ಗಾಳಿಯ ತೇವಾಂಶ ಎಲ್ಲ ಫೈಲಲ್ಲೇ ಇರುತ್ತೆ. ಗಾಳಿಯ ಒತ್ತಡ ಮರೀಬೇಡಿ, 1 ಹೆಕ್ಟೋಪಾಸ್ಕಲ್ ಏರಿದ್ರೆ ನೀರು ಸುಮಾರು 1 ಸೆಂಮೀ ತಗ್ಗುತ್ತೆ. ಲೀಡಿಗೂ ತೆರೆದ ಸಮುದ್ರಕ್ಕೂ ಬೇರೆ ಬೇರೆ ರೀಟ್ರ್ಯಾಕರ್ (ಎಕೋ ಆಕಾರದಿಂದ ದೂರ ಲೆಕ್ಕ ಹಾಕೋ ವಿಧಾನ) ಹಾಕಿದ್ರೆ ಗಡ್ಡೆಯ ಅಂಚಲ್ಲಿ ಇಲ್ಲದ ಮೆಟ್ಟಿಲೊಂದು ಹುಟ್ಕೊಳ್ಳುತ್ತೆ, ಆ ವ್ಯತ್ಯಾಸ ಕಳೀಲೇಬೇಕು. ಕೊನೆಗೆ ಸರಾಸರಿ ಸಮುದ್ರಮೇಲ್ಮೈ ಮಾಡೆಲ್ (ಪ್ರತಿ ಜಾಗದ ಹಲವು ವರ್ಷಗಳ ಸರಾಸರಿ ಎತ್ತರ) ಕಳೆದು, ಉಳಿದಿದ್ದನ್ನ ಚೌಕಚೌಕವಾಗಿ ಹಂಚಿ ತಿಂಗಳಿಗೊಂದು ಗ್ರಿಡ್ ಮಾಡಿ.

ಮ್ಯಾಪಲ್ಲಿ ಮೊದ್ಲು ಅಲಾಸ್ಕಾದ ಉತ್ತರಕ್ಕಿರೋ ಬೋಫರ್ಟ್ ಸಮುದ್ರ ನೋಡಿ, ಅಲ್ಲಿ ಗಾಳಿ ಸುತ್ತಿ ಸುತ್ತಿ ಸಿಹಿನೀರನ್ನ ಮಧ್ಯಕ್ಕೆ ಗುಡ್ಡೆ ಹಾಕುತ್ತೆ. ಏರಿದ್ದು ಹೊಸ ನೀರು ಸೇರಿ ತೂಕ ಹೆಚ್ಚಿದ್ದಕ್ಕೋ, ಉಪ್ಪು ಕಮ್ಮಿಯಾಗಿ ನೀರು ಹಿಗ್ಗಿದ್ದಕ್ಕೋ ತಿಳೀಬೇಕಂದ್ರೆ ಗುರುತ್ವ ಅಳೆಯೋ ಗ್ರೇಸ್ ಸ್ಯಾಟಲೈಟುಗಳ ಡೇಟಾ ಪಕ್ಕದಲ್ಲಿಡಿ, ತೂಕ ಹೆಚ್ಚಿದ್ರೆ ಮಾತ್ರ ಅದರಲ್ಲಿ ಕಾಣುತ್ತೆ.

ನಿಮ್ಮ ಲೆಕ್ಕ ಚೆಕ್ ಮಾಡೋಕೆ ನಾರ್ವೆಯ ಸ್ವಾಲ್‌ಬಾರ್ಡ್‌ನ ನ್ಯೂ-ಓಲೆಸುಂಡ್ ಟೈಡ್ ಗೇಜ್ (ದಡದಲ್ಲಿ ನೀರಿನ ಮಟ್ಟ ಅಳೆಯೋ ಉಪಕರಣ) ಇದೆ, ಭಾರತದ ಆರ್ಕ್ಟಿಕ್ ಸಂಶೋಧನಾ ಕೇಂದ್ರ ಹಿಮಾದ್ರಿ ಇರೋ ಊರೇ ಅದು. ಅಲ್ಲಿ ಗ್ರಾಫ್ ಇಳೀತಿದೆ ಅಂತ ಗಾಬರಿ ಬೀಳ್ಬೇಡಿ, ಹಿಮನದಿ ಕರಗಿ ಭಾರ ಇಳಿದು ನೆಲಾನೇ ಮೇಲಕ್ಕೇಳ್ತಿದೆ, ಜಿಪಿಎಸ್ ನೋಡಿ ಆ ಏರಿಕೆ ಸೇರಿಸಿ, ಆಮೇಲೆ ಹೋಲಿಸಿ.