ಕಟಿಂಗ್ ಬೋರ್ಡ್ ಅಂಟಿಸುವಾಗ ಅವಸರ ಬೇಡ

ಮರದ ಪಟ್ಟಿಗಳನ್ನು ಅಂಟಿಸಿ ಕಟಿಂಗ್ ಬೋರ್ಡ್ ಮಾಡುವವರು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಅಂಟಿನ ಬಗ್ಗೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಅಂಚು. ಅಂಟು ಹಚ್ಚುವ ಮುಂಚೆ ಪಟ್ಟಿಗಳನ್ನು ಸುಮ್ನೆ ಜೋಡಿಸಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕಿನ ಗೆರೆ ಕಂಡರೆ ಅಂಚನ್ನು ಮತ್ತೆ ಹೆರೆದು ನೇರ ಮಾಡಿ. ಕ್ಲಾಂಪ್ (ಪಟ್ಟಿಗಳನ್ನು ಒತ್ತಿ ಹಿಡಿಯುವ ಸಾಧನ) ಬಿಗಿದರೆ ಮುಚ್ಚಿಕೊಳ್ಳುತ್ತೆ ಅನ್ನಬೇಡಿ. ಆ ಬಿರುಕು ಮುಂದೊಂದು ದಿನ ಬಾಯಿ ಬಿಡುತ್ತದೆ.

ಅಂಟಿಗೆ ನಾನು ಟೈಟ್‌ಬಾಂಡ್ 3 ಬಳಸುತ್ತೇನೆ. ನೀರು ತಡೆಯುತ್ತದೆ, ಒಣಗಿದ ಮೇಲೆ ಆಹಾರ ತಾಗಿದರೂ ತೊಂದರೆಯಿಲ್ಲ. ಎರಡೂ ಅಂಚಿಗೆ ತೆಳ್ಳಗೆ, ಒಂದಿಷ್ಟೂ ಜಾಗ ಬಿಡದೆ ಹಚ್ಚಿ. ಸುಮಾರು 10 ನಿಮಿಷದೊಳಗೆ ಜೋಡಿಸಿಬಿಡಬೇಕು. ಬಿಗಿದಾಗ ಸಂದಿಯುದ್ದಕ್ಕೂ ಸಾಸಿವೆ ಕಾಳಿನಂಥ ಹನಿಗಳು ಸಾಲಾಗಿ ಹೊರಬಂದರೆ ಅಳತೆ ಸರಿಯಿದೆ ಅಂತ ಲೆಕ್ಕ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅಂಟು ಮರದೊಳಗೆ ಇಳಿದು ಕಲೆ ಕೂರುತ್ತದೆ. ಅರ್ಧ ಗಂಟೆ ಬಿಟ್ಟು, ರಬ್ಬರಿನಂತಾದಾಗ ಕೆರೆದು ತೆಗೆಯಿರಿ.

ಕ್ಲಾಂಪ್‌ಗಳನ್ನು ಒಂದು ಮೇಲೆ, ಒಂದು ಕೆಳಗೆ ಹಾಕಿ. ನಾನು ಮೊದಲ ಸಲ ಎಲ್ಲವನ್ನೂ ಒಂದೇ ಕಡೆ ಹಾಕಿದ್ದೆ. ಬೋರ್ಡ್ ದೋಣಿ ಥರ ಬಾಗಿ, ಮೇಜಿನ ಮೇಲೆ ತೂಗಾಡುತ್ತಿತ್ತು! ಬಿಗಿದದ್ದನ್ನು 24 ಗಂಟೆ ಮುಟ್ಟಬೇಡಿ.

ಕೊನೆಗೆ ಮಿನರಲ್ ಆಯಿಲ್ ಹಚ್ಚಿ. ಔಷಧಿ ಅಂಗಡಿಯಲ್ಲಿ ಸಿಗುವಂಥದ್ದೇ ಸಾಕು. ಅಡುಗೆ ಎಣ್ಣೆ ಬೇಡ, ಕ್ರಮೇಣ ಕಮಟು ವಾಸನೆ ಹಿಡಿಯುತ್ತದೆ. ಡಿಶ್‌ವಾಷರ್‌ಗಂತೂ ಹಾಕಲೇಬೇಡಿ.