ಎಸಿ ಕೆಲಸದ ಲೈಸೆನ್ಸ್: ರಾಜ್ಯ ಬಿಡುವ ಮುಂಚೆ ಸಹಿ ಹಾಕಿಸಿಕೊಳ್ಳಿ

ಐಟಿಐಯಲ್ಲಿ ಎರಡು ವರ್ಷದ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಟ್ರೇಡ್ ಮುಗಿಸಿ ಪೀಣ್ಯದಲ್ಲಿ ಏಳು ವರ್ಷ ದುಡಿದವನು ನಾನು. ಅಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ‘ನಿಮ್ಮ ಲೈಸೆನ್ಸ್ ತೋರಿಸಿ’ ಅಂದದ್ದು ನೆನಪಿಲ್ಲ. ನಮ್ಮಲ್ಲಿ ವೈರಿಂಗ್ ಮಾಡುವವರಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಬೇಕು. ಎಸಿ ಮೆಕ್ಯಾನಿಕ್‌ಗೆ ಐಟಿಐ ಸರ್ಟಿಫಿಕೇಟು, ಕೈಗುಣ, ನಾಲ್ಕು ಜನರ ಪರಿಚಯ ಇದ್ದರೆ ಕೆಲಸ ನಡೆಯುತ್ತದೆ. ಅದೇ ಲೆಕ್ಕ ಇಟ್ಟುಕೊಂಡು ಅಮೆರಿಕಕ್ಕೆ ಬಂದೆ. ಈಗ ಟೆಕ್ಸಾಸ್‌ನಲ್ಲಿದ್ದೇನೆ. ಊರಿನ ಹುಡುಗರು ಫೋನ್ ಮಾಡಿ, ‘ಅಣ್ಣಾ, ಅಮೆರಿಕದಲ್ಲಿ ಎಸಿ ಲೈಸೆನ್ಸ್ ಹೇಗೆ ಮಾಡಿಸೋದು?’ ಅಂತ ಕೇಳುತ್ತಾರೆ. ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಅಂತ ಇಲ್ಲಿ ಇಲ್ಲವೇ ಇಲ್ಲ, ಮೊದಲು ಅದು ತಿಳಿದಿರಲಿ.

ದೇಶಪೂರ್ತಿ ಬೇಕಾದದ್ದು ಒಂದೇ ಕಾರ್ಡು. ಅದು ಇಪಿಎ 608. ಇಪಿಎ ಅಂದರೆ ಕೇಂದ್ರದ ಪರಿಸರ ಇಲಾಖೆ. ಗ್ಯಾಸ್, ಅಂದರೆ ಎಸಿಯೊಳಗೆ ತಂಪು ಮಾಡುವ ರೆಫ್ರಿಜರೆಂಟ್, ಮುಟ್ಟುವ ಟೆಕ್ನೀಷಿಯನ್ ಹತ್ತಿರ ಈ ಕಾರ್ಡ್ ಇರಬೇಕು. 5 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಗ್ಯಾಸ್ ಇರುವ ಸಣ್ಣ ಯಂತ್ರಗಳಿಗೆ ಟೈಪ್ 1, ಮನೆ-ಅಂಗಡಿಗಳ ಸಾಮಾನ್ಯ ಎಸಿಗೆ ಟೈಪ್ 2, ದೊಡ್ಡ ಕಟ್ಟಡಗಳ ಲೋ ಪ್ರೆಷರ್ ಚಿಲ್ಲರ್‌ಗೆ ಟೈಪ್ 3. ಎಲ್ಲರಿಗೂ ಸಾಮಾನ್ಯವಾದ ಕೋರ್ ಭಾಗದ ಜೊತೆ ಮೂರನ್ನೂ ಪಾಸಾದರೆ ಯೂನಿವರ್ಸಲ್. ಒಂದೊಂದು ಭಾಗದಲ್ಲಿ 25 ಪ್ರಶ್ನೆ, 18 ಸರಿ ಇರಬೇಕು. ಒಮ್ಮೆ ಸಿಕ್ಕರೆ ಜೀವನಪೂರ್ತಿ ನಡೆಯುತ್ತದೆ. ಯಾವ ರಾಜ್ಯ ಅಂತ ತೀರ್ಮಾನವಾಗದಿದ್ದರೂ ಇದನ್ನು ಬರೆದುಬಿಡಿ, ಯೂನಿವರ್ಸಲನ್ನೇ ಬರೆಯಿರಿ.

ಇದಕ್ಕೆ ಓದುವಾಗ ನನಗೆ ಪೀಣ್ಯದ ದಿನಗಳು ನೆನಪಾಗಿ ಸಂಕಟವಾಯಿತು. ಕಂಪ್ರೆಸರ್ ಬದಲಿಸಬೇಕಾದಾಗ ಫ್ಲೇರ್ ನಟ್ಟಿಗೆ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಸಡಿಲಿಸುತ್ತಿದ್ದೆ. ಬುಸ್ ಅಂತ ಸದ್ದು, ನಟ್ಟಿನ ಸುತ್ತ ಬೆಳ್ಳಗೆ ಹಿಮ, ಎಣ್ಣೆಯ ವಾಸನೆ. ಐದು ನಿಮಿಷದಲ್ಲಿ ಓಝೋನ್ ಪದರ ಕೆಡಿಸುವ ಆರ್-22 ಗ್ಯಾಸ್ ಪೂರ್ತಿ ಗಾಳಿಗೆ. ಅಮೆರಿಕದಲ್ಲಿ ಹಾಗೆ ಬಿಡುವುದು 1992ರ ಜುಲೈ 1ರಿಂದಲೇ ಅಪರಾಧ. ರಿಕವರಿ ಮಷೀನ್ ಹಚ್ಚಿ ಸಿಲಿಂಡರ್‌ಗೆ ತುಂಬಿಕೊಳ್ಳಬೇಕು. ಓಝೋನ್ ಪದರದ ಪಾಠವನ್ನು ಐಟಿಐಯಲ್ಲೂ ಓದಿದ್ದೆ, ಪರೀಕ್ಷೆಗೆ ಬರೆದಿದ್ದೆ. ಅದು ಕೈಗೆ ಇಳಿದದ್ದು ಮಾತ್ರ ಈ ಕಾರ್ಡಿಗೆ ಕೂತಾಗ.

ಕಾರ್ಡ್ ಆದ ಮೇಲೆ ರಾಜ್ಯ. ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡೇ: ಲೈಸೆನ್ಸ್ ಯಾರ ಹೆಸರಿನಲ್ಲಿರಬೇಕು, ಕೆಲಸಗಾರನದ್ದೋ ಕಂಟ್ರಾಕ್ಟರ್‌ದ್ದೋ? ಕೊಡುವವರು ಯಾರು, ರಾಜ್ಯವೋ ನಗರವೋ?

ನಾನು ಮೊದಲು ಇಳಿದದ್ದು ಪೆನ್ಸಿಲ್ವೇನಿಯಾದಲ್ಲಿ. ಅಲ್ಲಿ ರಾಜ್ಯಮಟ್ಟದ ಎಸಿ ಲೈಸೆನ್ಸೇ ಇಲ್ಲ. ಮನೆ ರಿಪೇರಿ ಕಂಟ್ರಾಕ್ಟರ್‌ಗಳು ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಾಯಿಸಬೇಕು, ಅದು ಕಸುಬಿನ ಪರೀಕ್ಷೆಯಲ್ಲ. ನ್ಯೂಯಾರ್ಕ್ ರಾಜ್ಯದಲ್ಲೂ ರಾಜ್ಯದ ಲೈಸೆನ್ಸ್ ಇಲ್ಲ. ಆದರೆ ಇಂಥ ಕಡೆ ನಗರಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ. ಹಾಗಾಗಿ ಸಿಟಿ ಹಾಲ್‌ನ ಪರ್ಮಿಟ್ ಕೌಂಟರಿನಲ್ಲಿ ವಿಚಾರಿಸದೆ ಕೆಲಸ ಒಪ್ಪಿಕೊಳ್ಳಬೇಡಿ.

ನಾಲ್ಕು ವರ್ಷ ಅಲ್ಲಿ ದುಡಿದು ಟೆಕ್ಸಾಸಿಗೆ ಬಂದೆ. ಇಲ್ಲಿ ಲೈಸೆನ್ಸ್ ಕೊಡಲು ಟಿಡಿಎಲ್ಆರ್ ಅನ್ನುವ ರಾಜ್ಯದ ಇಲಾಖೆ ಇದೆ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಕೆಳಗೆ ದುಡಿಯುವವನು ಟೆಕ್ನೀಷಿಯನ್ ಎಂದು ಹೆಸರು ನೋಂದಾಯಿಸಿದರೆ ಸಾಕು. ಸ್ವಂತವಾಗಿ ಕೆಲಸ ಹಿಡಿಯಬೇಕಾದರೆ ಕಂಟ್ರಾಕ್ಟರ್ ಲೈಸೆನ್ಸ್ ಬೇಕು. ಕ್ಲಾಸ್ ಎ ಆದರೆ ಎಷ್ಟು ದೊಡ್ಡ ಯಂತ್ರವಾದರೂ ಸರಿ. ಕ್ಲಾಸ್ ಬಿ ಆದರೆ 25 ಟನ್ (ತಂಪು ಮಾಡುವ ಶಕ್ತಿಯ ಅಳತೆ) ಕೂಲಿಂಗ್, ಗಂಟೆಗೆ 15 ಲಕ್ಷ ಬಿಟಿಯು (ಶಾಖದ ಅಳತೆ) ಹೀಟಿಂಗ್‌ವರೆಗೆ ಮಾತ್ರ. ಪರೀಕ್ಷೆಗೆ ಕೂರಲು ಕಳೆದ 72 ತಿಂಗಳಲ್ಲಿ 48 ತಿಂಗಳ ಅನುಭವ ಇರಬೇಕು, ಮೇಲಿನವರು ಅದಕ್ಕೆ ಸಹಿ ಹಾಕಿರಬೇಕು.

ನಾನು ಎಡವಿದ್ದು ಈ ಸಹಿಯಲ್ಲಿ. ಪೆನ್ಸಿಲ್ವೇನಿಯಾದ ನನ್ನ ಮಾಲೀಕರು ಅಷ್ಟರಲ್ಲಿ ಅಂಗಡಿ ಮುಚ್ಚಿದ್ದರು. ಫೋನ್ ಹೋಗಲಿಲ್ಲ, ಬರೆದ ಕಾಗದ ಹಾಗೇ ವಾಪಸ್ ಬಂತು. ಸಂಬಳದ ಚೀಟಿಗಳು ನನ್ನ ಹತ್ತಿರ ಇದ್ದವು. ಅದರಲ್ಲಿ ದುಡ್ಡಿನ ಲೆಕ್ಕ ಇತ್ತೇ ಹೊರತು ನಾನು ಮಾಡಿದ ಕೆಲಸ ಏನೆಂದು ಇರಲಿಲ್ಲ. ಹೊಸದಾಗಿ 48 ತಿಂಗಳು ಎಣಿಸಲು ಶುರು ಮಾಡಿದೆ. ಬಿಟ್ಟು ಬರುವ ದಿನ ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದರೆ ಆ ವರ್ಷಗಳು ಉಳಿಯಬಹುದಿತ್ತು. ಅದಕ್ಕೇ ಈಗ ನನ್ನ ಹತ್ತಿರ ಕೆಲಸಕ್ಕಿರುವ ಇಬ್ಬರು ಹುಡುಗರಿಗೆ ಆರು ತಿಂಗಳಿಗೊಮ್ಮೆ ನಾನೇ ಬರೆದುಕೊಡುತ್ತೇನೆ.

ನಮ್ಮ ವ್ಯಾನನ್ನೇ ನೋಡಿ. ಎರಡೂ ಪಕ್ಕ ಕಂಪನಿ ಹೆಸರು, ಕೆಳಗೆ ಟಿಎಸಿಎಲ್‌ಎ ಅಂತ ಶುರುವಾಗುವ ನಂಬರು, ಅಕ್ಷರ ಕನಿಷ್ಠ 2 ಇಂಚು ಎತ್ತರ. ಟಿಎಸಿಎಲ್ ಆದ ಮೇಲೆ ಎ ಬದಲು ಬಿ ಇದ್ದರೆ ಅದು ಕ್ಲಾಸ್ ಬಿ ಲೈಸೆನ್ಸ್. ಟೆಕ್ಸಾಸಿನಲ್ಲಿ ಕೆಲಸ ಹುಡುಕುವವರು ಮಾಲೀಕರ ವ್ಯಾನಿನ ಮೇಲೆ ಈ ನಂಬರಿದೆಯೇ ನೋಡಿ, ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ ಪರೀಕ್ಷಿಸಿ. ಟೆಕ್ಸಾಸಿನಲ್ಲಿ ಲೈಸೆನ್ಸ್ ಇಲ್ಲದವರ ಕೈಕೆಳಗೆ ದುಡಿದ ತಿಂಗಳು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಸಿ-20 ಅನ್ನುವ ಕಂಟ್ರಾಕ್ಟರ್ ಲೈಸೆನ್ಸ್. ನಾಲ್ಕು ವರ್ಷ ಪೂರ್ಣ ಕಸುಬುದಾರನಾಗಿ ದುಡಿದಿರಬೇಕು, ಕಾನೂನಿನದೊಂದು, ಕಸುಬಿನದೊಂದು ಪರೀಕ್ಷೆ, ಮೇಲೆ 25,000 ಡಾಲರಿನ ಜಾಮೀನು ಬಾಂಡ್.

ಗಡಿ ದಾಟಿ ಕೆನಡಾದ ಒಂಟಾರಿಯೊಗೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಲೈಸೆನ್ಸ್ ಕೆಲಸಗಾರನ ಮೈಗೇ ಅಂಟಿರುತ್ತದೆ. ಎಸಿ-ರೆಫ್ರಿಜರೇಷನ್ ಕೆಲಸದ 313ಎ ಎಂಬ ಟ್ರೇಡ್ ಕಡ್ಡಾಯದ ಪಟ್ಟಿಯಲ್ಲಿದೆ. ಅಪ್ರೆಂಟಿಸ್ ಆಗಿಯಾದರೂ ನೋಂದಾಯಿಸದೆ ಕೆಲಸ ಮುಟ್ಟುವಂತಿಲ್ಲ. ಕಲಿಕೆಯ ಅವಧಿ ಸುಮಾರು 9,000 ಗಂಟೆ, ಅಂದರೆ ಹೆಚ್ಚುಕಡಿಮೆ ಐದು ವರ್ಷ. ಅಲ್ಲಿನ ಚಳಿಗೆ ಬಹಳಷ್ಟು ಮನೆಗಳಲ್ಲಿ ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸ್ ಇರುತ್ತದೆ, ಅದಕ್ಕೆ ಅಲ್ಲಿನ ಸುರಕ್ಷತಾ ಸಂಸ್ಥೆ ಟಿಎಸ್ಎಸ್ಎ ಕೊಡುವ ಗ್ಯಾಸ್ ಟೆಕ್ನೀಷಿಯನ್ ಸರ್ಟಿಫಿಕೇಟ್ ಬೇರೆ. ಆದರೆ ಊರಿನ ಅನುಭವಕ್ಕೆ ಅಲ್ಲೊಂದು ಬಾಗಿಲಿದೆ. ಟ್ರೇಡ್ ಸರ್ಟಿಫಿಕೇಟ್ ಕೊಡುವ ಸ್ಕಿಲ್ಡ್ ಟ್ರೇಡ್ಸ್ ಒಂಟಾರಿಯೊ ಸಂಸ್ಥೆಗೆ ದಾಖಲೆ ಕೊಟ್ಟು ತತ್ಸಮಾನ ಪರಿಶೀಲನೆಗೆ ಅರ್ಜಿ ಹಾಕಬಹುದು. ಅವರು ಒಪ್ಪಿದರೆ ಅಪ್ರೆಂಟಿಸ್‌ಶಿಪ್ ಇಲ್ಲದೆ ನೇರವಾಗಿ ಪರೀಕ್ಷೆಗೆ ಕೂರಬಹುದು.

ಆದ್ದರಿಂದ ಈಗ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ದುಡಿಯುತ್ತಿರುವವರು ಅನುಭವ ಪತ್ರವನ್ನು ಈಗಲೇ ಬರೆಸಿಕೊಳ್ಳಿ. ‘ಒಳ್ಳೆಯ ನಡತೆಯ ಹುಡುಗ, ಶ್ರಮಜೀವಿ’ ಎಂಬ ಪತ್ರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸೇರಿದ ದಿನಾಂಕ, ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಟನ್‌ವರೆಗಿನ ಯಂತ್ರ, ಆರ್-22, ಆರ್-410ಎ, ಆರ್-32 ಇವುಗಳಲ್ಲಿ ಯಾವ ಗ್ಯಾಸ್, ಬ್ರೇಜಿಂಗ್ (ಪೈಪ್ ಕಾಯಿಸಿ ಬೆಸೆಯುವುದು) ಮಾಡಿದ್ದೀರಾ, ಡಕ್ಟ್ ಕೆಲಸ ಗೊತ್ತಾ, ಕಂಟ್ರೋಲ್ ವೈರಿಂಗ್ ಗೊತ್ತಾ, ಎಲ್ಲ ಇರಬೇಕು. ಲೆಟರ್‌ಹೆಡ್ಡಿನಲ್ಲಿ, ಇಂಗ್ಲಿಷಿನಲ್ಲಿ, ಸಹಿ ಹಾಕಿದವರ ಪೂರ್ತಿ ಹೆಸರು, ಫೋನ್ ನಂಬರ್ ಸಮೇತ. ಮೂರು ಪ್ರತಿ ಮಾಡಿಸಿ, ಒಂದನ್ನು ಮನೆಯಲ್ಲಿ ಅಮ್ಮನ ಬೀರುವಿನಲ್ಲಿಡಿ.