ಮಲೆನಾಡಿನ ಮಳೆಗಾಲದಲ್ಲಿ ಜೆಂಟೂ ಅಪ್‌ಡೇಟ್: ನಾನು ಮಾಡುವ ಕ್ರಮ

ನಾನು ನೋಡಿಕೊಳ್ಳುವ ಜೆಂಟೂ ಲಿನಕ್ಸ್ ಕಂಪ್ಯೂಟರ್ ಎರಡಿವೆ. ಪ್ರೋಗ್ರಾಂಗಳನ್ನು ಹೆಚ್ಚಾಗಿ ಮೂಲ ಕೋಡಿನಿಂದ ನಾವೇ ಕಂಪೈಲ್ ಮಾಡಿಕೊಳ್ಳುವ, ಅಂದರೆ ಓಡುವ ರೂಪಕ್ಕೆ ತರುವ ಲಿನಕ್ಸ್ ಇದು. ಶಿವಮೊಗ್ಗದ ಮನೆಯಲ್ಲಿರುವುದು ಹೊಸದು. ಇನ್ನೊಂದು, ತೀರ್ಥಹಳ್ಳಿ ಕಡೆ ಭಾವನ ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪ್. ಕೊನೆಕೊಯ್ಲಿನ ಕೂಲಿ, ಮಂಡಿಗೆ ಹಾಕಿದ ಅಡಿಕೆ, ಎಲ್ಲ ಲೆಕ್ಕವೂ ಅದರಲ್ಲೇ. ಬ್ಯಾಟರಿ ಸತ್ತಿದೆ, ಕರೆಂಟ್ ಹೋದರೆ ಅದೂ ಹೋಗುತ್ತದೆ. ಆರಿದ್ರೆ ಮಳೆ ಹಿಡಿದ ಮೇಲೆ ಅಲ್ಲಿ ಕರೆಂಟ್ ನಂಬಿ ಕೂರುವ ಹಾಗಿಲ್ಲ.

ಹಾಗಂತ ಮಳೆಗಾಲ ಪೂರ್ತಿ ಅಪ್‌ಡೇಟ್ ಬಿಟ್ಟರೆ ತೊಂದರೆ ಇನ್ನೂ ಜಾಸ್ತಿ. ಜೆಂಟೂ ದಿನಾ ಮುಂದೆ ಹೋಗುತ್ತಿರುತ್ತದೆ. ತಿಂಗಳುಗಟ್ಟಲೆ ಬಿಟ್ಟು ಒಟ್ಟಿಗೆ ಮಾಡಹೋದರೆ ಪೈಥಾನ್, ಪರ್ಲ್ ಎಲ್ಲ ಒಂದಕ್ಕೊಂದು ಗಂಟು ಬೀಳುತ್ತವೆ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ, ಕಂತು ಕಂತಾಗಿ ಮಾಡುತ್ತೇನೆ.

ಕಂಪೈಲ್ ಎಲ್ಲ ಶಿವಮೊಗ್ಗದಲ್ಲೇ. ಜೆಂಟೂದಲ್ಲಿ ಪ್ಯಾಕೇಜ್ ಹಾಕಿಕೊಡುವ ಪೋರ್ಟೇಜ್‌ನ ಸೆಟ್ಟಿಂಗಿನಲ್ಲಿ ಬಿಲ್ಡ್‌ಪಿಕೆಜಿ ಅನ್ನುವುದನ್ನು ಹಾಕಿದರೆ ಕಂಪೈಲ್ ಆದ ಪ್ರತಿಯೊಂದಕ್ಕೂ ಬೈನರಿ ಪ್ಯಾಕೇಜ್, ಅಂದರೆ ಮತ್ತೆ ಕಂಪೈಲ್ ಮಾಡದೆ ನೇರ ಹಾಕಬಹುದಾದ್ದು, ಸಿಗುತ್ತದೆ. 2023ರ ಡಿಸೆಂಬರಿನಿಂದ ಜೆಂಟೂದವರೇ ಬಹಳಷ್ಟು ಬೈನರಿ ಕೊಡುತ್ತಿದ್ದಾರೆ. ಲಿಬ್ರೆಆಫೀಸ್‌ನಂಥ ಭಾರದ್ದನ್ನು ಅಲ್ಲಿಂದಲೇ ತರುತ್ತೇನೆ. ಭಾವನ ಲ್ಯಾಪ್‌ಟಾಪಿನ ಹಳೇ ಪ್ರೊಸೆಸರಿಗೆ ಎವಿಎಕ್ಸ್2 ಅನ್ನುವ ಹೊಸ ಆದೇಶಗಳ ಗುಂಪು ತಿಳಿಯದು, ಹಾಗಾಗಿ ಹಳೆಯದಕ್ಕೂ ಹೊಂದುವ ಸಾಮಾನ್ಯ ಎಕ್ಸ್86-64ಕ್ಕೇ ಕಂಪೈಲ್ ಮಾಡಬೇಕು. ಇಲ್ಲದಿದ್ದರೆ ಅಲ್ಲಿ ಪ್ರೋಗ್ರಾಂ ಶುರುವಾಗುತ್ತಲೇ ಸಾಯುತ್ತದೆ. ಊರಲ್ಲಿ ನೆಟ್ ಇಲ್ಲದ ದಿನಗಳೂ ಇರುತ್ತವಲ್ಲ, ಪ್ಯಾಕೇಜ್ ಜೊತೆ ಅದೇ ದಿನದ ಪೋರ್ಟೇಜ್ ಟ್ರೀಯನ್ನೂ (ಯಾವ ಪ್ಯಾಕೇಜಿನ ಯಾವ ವರ್ಷನ್ ಇದೆ ಅನ್ನುವ ಪಟ್ಟಿ) ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಒಯ್ಯುತ್ತೇನೆ. ಎರಡೂ ಒಂದೇ ದಿನದ್ದಾದರೆ ವರ್ಷನ್ ತಾಳೆಯಾಗುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಂನ ಸ್ನ್ಯಾಪ್‌ಶಾಟ್, ಅಂದರೆ ಫೈಲುಗಳು ಆ ಕ್ಷಣದಲ್ಲಿ ಹೇಗಿದ್ದವೋ ಹಾಗೇ ಹಿಡಿದಿಟ್ಟ ನಕಲು. ಕ್ಷಣದಲ್ಲಿ ಆಗುತ್ತದೆ, ಮೊದಲಿಗೆ ಜಾಗವೂ ಹಿಡಿಯುವುದಿಲ್ಲ. ಆದರೆ ಯಾವುದು ಯಾವ ಸಬ್‌ವಾಲ್ಯೂಮಿನಲ್ಲಿದೆ (ಫೈಲ್ ಸಿಸ್ಟಂ ಒಳಗೇ ಪ್ರತ್ಯೇಕ ಸ್ನ್ಯಾಪ್‌ಶಾಟ್ ತೆಗೆಯಬಹುದಾದ ಭಾಗ) ಅನ್ನುವುದನ್ನು ಮೊದಲೇ ಯೋಚಿಸಿರಬೇಕು. ಸ್ನ್ಯಾಪ್‌ಶಾಟ್ ಒಳಗಿನ ಬೇರೆ ಸಬ್‌ವಾಲ್ಯೂಮಿಗೆ ಇಳಿಯುವುದಿಲ್ಲ. ಭಾವನ ಲೆಕ್ಕದ ಡೇಟಾಬೇಸನ್ನು ಬೇರೆ ಇಟ್ಟಿದ್ದೇನೆ. ಸಿಸ್ಟಂ ಹಿಂದಕ್ಕೆ ಹೋದರೂ ನಿನ್ನೆ ಬರೆದ ಲೆಕ್ಕ ಹಿಂದಕ್ಕೆ ಹೋಗಬಾರದು, ಅಲ್ವಾ? ಬೈನರಿ ಪ್ಯಾಕೇಜ್ ಇಡುವ ಜಾಗವೂ ಬೇರೆ. ಹಾಗಂತ ಇಡೀ ವಾರ್ (/var) ಡೈರೆಕ್ಟರಿಯನ್ನೇ ಬೇರೆ ಮಾಡಬೇಡಿ. ಯಾವ ಪ್ಯಾಕೇಜ್ ಹಾಕಿದೆ ಅನ್ನುವ ದಾಖಲೆ ಅದರೊಳಗೇ ಇದೆ. ರೂಟ್ (ಸಿಸ್ಟಂ ಇರುವ ಮುಖ್ಯ ಸಬ್‌ವಾಲ್ಯೂಮ್) ಹಿಂದಕ್ಕೆ ಹೋಗಿ ದಾಖಲೆ ಮಾತ್ರ ಮುಂದೆ ಉಳಿದರೆ ಪೋರ್ಟೇಜ್ ದಿಕ್ಕು ತಪ್ಪುತ್ತದೆ.

ಪ್ರತಿ ಕಂತಿಗೂ ಮೊದಲು "ಹಿಂದಿನದು" ಅನ್ನುವ ಒಂದೇ ಹೆಸರಲ್ಲಿ, ಬರೆಯಲು ಬರುವಂಥ ಸ್ನ್ಯಾಪ್‌ಶಾಟ್ ತೆಗೆಯುತ್ತೇನೆ. ಹಳೆಯದನ್ನು ಅಳಿಸುತ್ತೇನೆ. ಹೆಸರು ಬದಲಾಗದ ಕಾರಣ ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಅದಕ್ಕೊಂದು ಸಾಲು ಒಮ್ಮೆ ಬರೆದಿಟ್ಟರೆ ಸಾಕು. ಕರ್ನಲ್ ಇರುವ ಬೂಟ್ ಪಾರ್ಟಿಷನ್ ಫ್ಯಾಟ್ ಅನ್ನುವ ಬೇರೆ ಫೈಲ್ ಸಿಸ್ಟಂನಲ್ಲಿದೆ, ಅದು ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಹಳೇ ಕರ್ನಲ್ ಅಲ್ಲಿ ಉಳಿದಿರಲೇಬೇಕು. ಮೊದಲ ಕಂತು ಬಹುತೇಕ ಎಲ್ಲ ಪ್ರೋಗ್ರಾಂಗೂ ಬೇಕಾದ ಮೂಲ ಲೈಬ್ರರಿ ಜಿಲಿಬ್‌ಸಿ ಒಂದೇ, ಏಕೆಂದರೆ ಅದನ್ನು ಏರಿಸಿದ ಮೇಲೆ ಪೋರ್ಟೇಜ್ ಕೆಳಗಿಳಿಸಲು ಬಿಡುವುದಿಲ್ಲ. ಸ್ನ್ಯಾಪ್‌ಶಾಟೇ ಸಲೀಸಾದ ದಾರಿ.

ಒಮ್ಮೆ ಶಿವಮೊಗ್ಗದಿಂದಲೇ ಭಾವನ ಲ್ಯಾಪ್‌ಟಾಪಿಗೆ ಡೆಸ್ಕ್‌ಟಾಪ್ ಕಂತು ಹಾಕುತ್ತಿದ್ದಾಗ ಅವರಲ್ಲಿ ಕರೆಂಟ್ ಹೋಯಿತು. ಆಮೇಲೆ ಭಾವನ ಫೋನ್. "ಕರೆಂಟ್ ಬಂತು ಮಾರಾಯ, ಆದ್ರೆ ಪಾಸ್‌ವರ್ಡ್ ಹೊಡೆದ್ರೆ ಬರೀ ಕಪ್ಪು ಪರದೆ."

"ಆಫ್ ಮಾಡಿ ಆನ್ ಮಾಡಿ ಭಾವ. ಮೆನು ಬಂದಾಗ ಕೆಳಗಿನ ಬಾಣ ಒತ್ತಿ. ಹಿಂದಿನದು ಅಂತ ಇರೋದಕ್ಕೆ ಎಂಟರ್ ಹೊಡೀರಿ."

ಲೆಕ್ಕದ ಪುಸ್ತಕ ತೆರೆದುಕೊಂಡಿತು. ಫೈಲ್ ಸಿಸ್ಟಂಗೆ ಏನೂ ಆಗಿರಲಿಲ್ಲ, ಪ್ಯಾಕೇಜ್ ಮಾತ್ರ ಅರ್ಧಂಬರ್ಧ ಕೂತಿತ್ತು. ನಾನು ದೂರದಿಂದ ಒಳಹೊಕ್ಕು ಕೆಟ್ಟ ರೂಟಿನ ಹೆಸರು ಬದಲಿಸಿದೆ. "ಹಿಂದಿನದು" ಅನ್ನುವುದರಿಂದ ಹೊಸ ರೂಟ್ ಮಾಡಿ, ರೀಬೂಟ್ ಮಾಡಿಸಿ, ಅದೇ ಕಂತನ್ನು ಮತ್ತೆ ಹಾಕಿದೆ. ಪ್ಯಾಕೇಜ್‌ಗಳು ಬೇರೆ ಸಬ್‌ವಾಲ್ಯೂಮಿನಲ್ಲಿ ಹಾಗೇ ಇದ್ದುದರಿಂದ ಏನನ್ನೂ ಮತ್ತೆ ಕಳಿಸಬೇಕಾಗಲಿಲ್ಲ.

ಡಿಸ್ಕೇ ಹೋದರೆ ಸ್ನ್ಯಾಪ್‌ಶಾಟೂ ಹೋಗುತ್ತದೆ. ಅದಕ್ಕೆ ಊರಿಗೆ ಹೋದಾಗಲೆಲ್ಲ ಲೆಕ್ಕದ ಸಬ್‌ವಾಲ್ಯೂಮನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಸೆಂಡ್ ಮಾಡಿಕೊಳ್ಳುತ್ತೇನೆ. ಮೊದಲ ಸಲ ಪೂರ್ತಿ, ಆಮೇಲೆ ಬದಲಾದಷ್ಟು ಮಾತ್ರ ಹೋಗುತ್ತದೆ. ಅದಕ್ಕೆ ಹಿಂದಿನ ಸಲದ ರೀಡ್-ಓನ್ಲಿ ಸ್ನ್ಯಾಪ್‌ಶಾಟ್ ಎರಡೂ ಕಡೆ ಇರಬೇಕು. ಒಂದು ಕಡೆ ಅಳಿಸಿದರೂ ಮತ್ತೆ ಪೂರ್ತಿ ಕಳಿಸಬೇಕಾಗುತ್ತದೆ.